ಬಿಳಿ ವಸ್ತ್ರ ಹಿಡಿದು ಬಂದವನು

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತ ಬಂದೆ. ಹೇಳಹೊರಟರೆ ಮೊದಲು ನಗು ಬರುತ್ತದೆ, ಅದೇ ತೊಂದರೆ.

ಮಹಾಯುದ್ಧದ ದಿನಗಳು. ಕೊಪ್ಪಳದ ಹೈಸ್ಕೂಲಿನಲ್ಲಿ ಗದಗಿನ ಕಡೆಯ ಕ್ರೈಸ್ತ ಮಾಸ್ತರರೊಬ್ಬರು ನಮಗೆ ಚರಿತ್ರೆ ಕಲಿಸುತ್ತಿದ್ದರು. ವೈರಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳಬೇಕೆಂದು ದೇವರು ಎಲ್ಲರ ಎದೆಯಲ್ಲೂ ಬರೆದಿದ್ದಾನೆ, ದೇಶ ದೇಶಗಳ ನಡುವಿನ ಕಾನೂನು ಬೆಳೆದದ್ದು ಇಂಥ ನಂಬಿಕೆಯಿಂದ ಎನ್ನುತ್ತಿದ್ದರು. ನಮಗೆ ಆ ಕಾನೂನಿನ ಹುಚ್ಚೇ ಹಿಡಿಯಿತು. ಊರಿನ ಹುಡುಗರಿಗೂ, ಹಿಟ್ನಾಳದ ಕಡೆಯಿಂದ ಬಂದು ಕೋಣೆ ಹಿಡಿದು ಓದುತ್ತಿದ್ದವರಿಗೂ ಕೆರೆಯಂಗಳದಲ್ಲಿ ಕೆಸರುಂಡೆಗಳ ಯುದ್ಧ ಶುರುವಾಯಿತು, ಅದೂ ಕಾನೂನಿನ ಪ್ರಕಾರ. ಬಿಳಿ ವಸ್ತ್ರ ಹಿಡಿದು ಬಂದವನನ್ನು ಮುಟ್ಟುವಂತಿಲ್ಲ. ಸೆರೆ ಸಿಕ್ಕವನಿಗೆ ನೀರು ಕೊಡಬೇಕು. ಊರಿನವರಿಗೆ ನಾನೇ ಸೇನಾಪತಿ.

ಒಂದು ಸಂಜೆ ನಾವು ಸೋಲುತ್ತಿದ್ದಾಗ ಹಿಟ್ನಾಳದ ಒಬ್ಬ ಹುಡುಗ ಬಿಳಿ ವಸ್ತ್ರ ಬೀಸುತ್ತ ಬಂದ.

"ಸಾಕ್ ಮಾಡ್ರಲೇ. ಚುರುಮರಿ ತಂದೀನಿ, ಕೂಡಿ ತಿನ್ನೂಣು."

ನಾನು ಒಂದು ಕೊಡ ಕೆಸರನ್ನು ಅವನ ತಲೆಯ ಮೇಲೆ ಸುರಿದೆ. ಚುರುಮರಿಯೂ ಕೆಸರಾಯಿತು. ನಾವು ಬಿದ್ದು ಬಿದ್ದು ನಕ್ಕೆವು. ಅವನು ಕಣ್ಣೊರೆಸಿಕೊಂಡು ಕೇಳಿದ: "ಮಾಸ್ತರ ಹೇಳಿದ್ದು ಬರೇ ನಮಗಷ್ಟ ಏನಲೇ?"

ಮರುದಿನ ನಾನೇ ಅವರ ಕೈಗೆ ಸಿಕ್ಕೆ. ಅವನ ಗೆಳೆಯರು ಕುಣಿಯುತ್ತ ಕೆಸರಿನ ಕೊಡ ತಂದರು. ಅವನು ಅಡ್ಡ ನಿಂತ. "ಸೆರಿ ಸಿಕ್ಕಾವಗ ನೀರು ಕೊಡಬೇಕು ಅಂತ ಐತಿ. ಕೊಟ್ಟು ಬಿಡ್ರಲೇ."

ಗಟಗಟ ನೀರು ಕುಡಿದು, ಬದುಕಿದೆನೆಂದು ಕೇಕೆ ಹಾಕುತ್ತ ಓಡಿಬಿಟ್ಟೆ. ಆ ಕೇಕೆ ನೆನೆದರೆ ಈಗಲೂ ನಗುತ್ತೇನೆ, ನಗುತ್ತಲೇ ತಲೆ ತಗ್ಗಿಸುತ್ತೇನೆ. ನಾನು ಕೊನೆಗೂ ಕ್ಷಮೆ ಕೇಳದೆ ಹೋದದ್ದು ಅವನನ್ನೇ, ಹಿಟ್ನಾಳದ ಆ ಚುರುಮರಿ ಹುಡುಗನನ್ನು.