ತೊಗರಿ ರಾಶಿಗೆ ಬಂದವಳು

ಆಯಿ, ನಿನ್ನ ಮೊಮ್ಮಗಳು ನೀಲಾ ನಿನಗೆ ಸುಳ್ಳು ಹೇಳಿ ಹೋದಳು. ಮೂರೇ ತಿಂಗಳು ಎಂದೆ ನಾನು — ನೀನು ವಿಭೂತಿ ಹಚ್ಚುತ್ತಿದ್ದೆ, ನಿನ್ನ ಬೆರಳು ಇನ್ನೂ ನನ್ನ ಹಣೆಯ ಮೇಲೇ ಇತ್ತು. ನಾನು ಹೆಸರು ಹಚ್ಚಿದ್ದು ಪೂರ್ತಿ ಒಂದು ವರ್ಷಕ್ಕೆ.

ಜಪಾನಿನ ಆ ಭಾಷಾಶಾಲೆಯಲ್ಲಿ ಮೂರು ತಿಂಗಳು, ಆರು ತಿಂಗಳು, ವರ್ಷ, ಮೂರೂ ಇದ್ದವು. ಪುಣೆಯಲ್ಲಿ ನನಗೆ ಜಪಾನಿ ಕಲಿಸಿದ ಟೀಚರ್ ನಗುತ್ತ ಹೇಳಿದ್ದರು: ಮೂರು ತಿಂಗಳಲ್ಲಿ ಊಟ ಕೇಳಲು ಕಲಿತು ಬರಬಹುದು, ಆ ಭಾಷೆಯಲ್ಲಿ ಕನಸು ಬೀಳಬೇಕೆಂದರೆ ವರ್ಷ ಬೇಕು ಎಂದು. ನನಗೆ ಆ ಕನಸಿನ ಆಸೆ. ನಿನಗೋ ಕಣ್ಣು ಮಂಜಾಗುತ್ತಿತ್ತು. ಅತನೂರು, ಹೆಚ್ಚೆಂದರೆ ಅಫಜಲಪುರದ ಸಂತೆ, ಅಷ್ಟೇ ನಿನ್ನ ಲೋಕ. ವರ್ಷವೆಂದರೆ ನೀನು ಕಳಿಸುತ್ತಿರಲಿಲ್ಲ — ಅಥವಾ ಕಳಿಸುತ್ತಿದ್ದೆಯೋ ಏನೋ. ಕೇಳುವ ಧೈರ್ಯವೇ ನನಗಿರಲಿಲ್ಲ. ಅವ್ವನ ಬಾಯಿಗೂ ಬೀಗ ಹಾಕಿಸಿದೆ.

"ತೊಗರಿ ರಾಶಿಗೆ ಬಂದುಬಿಡು ಮತ್ತ," ಎಂದಿದ್ದೆ ನೀನು.

ರಾಶಿಯ ಹೊತ್ತಿಗೆ ನಾನು ಹಿಮ ಬೀಳುವ ಊರಿನ ಬಾಡಿಗೆ ಕೋಣೆಯಲ್ಲಿದ್ದೆ. ಅವ್ವ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದಳು — ಸಂಜೆ ನೀನೊಬ್ಬಳೇ ಬಾಗಿಲಿಗೆ ಹೋಗಿ, ದೂರದಿಂದ ಬಂದವರಿಗೆ ಮಾಡುವಂತೆ ರೊಟ್ಟಿ ತುಣುಕು, ನೀರು ನಿವಾಳಿಸಿ ಚೆಲ್ಲಿ, ಯಾರನ್ನೋ ಕೈಹಿಡಿದು ಒಳಗೆ ಕರೆತಂದೆಯಂತೆ. ಪಕ್ಕದಲ್ಲಿ ಇನ್ನೊಂದು ತಾಟು ಹಾಕಿಸಿದೆಯಂತೆ. ವಯಸ್ಸಿನ ಅರಳುಮರಳು ಎಂದು ನಾನು ನಕ್ಕೆ. ಅಷ್ಟರಲ್ಲಿ ಫೋನಿನಲ್ಲಿ ಅವ್ವನ ಹಿಂದಿನಿಂದ ನಿನ್ನ ದನಿ ಕೇಳಿಸಿತು.

"ಒಳಗ ಬರೂ ಮುಂದ ಏನಂದಿ ಬೇ ನೀಲಾ? ತದಾಯಿಮಾ?"

ಮನೆಗೆ ಮರಳಿದವರು ಹೊಸ್ತಿಲಲ್ಲಿ ಹೇಳುವ ಜಪಾನಿ ಮಾತು ಅದು. ನಿನಗೆ ಎಂದೂ ಹೇಳಿಕೊಟ್ಟವಳಲ್ಲ ನಾನು. ಸಂಜೆ ಆ ಖಾಲಿ ಕೋಣೆಗೆ ಕಾಲಿಡುವಾಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಅಷ್ಟೆ. ಅಂದಿನಿಂದ ಹೇಳುವುದನ್ನು ಬಿಟ್ಟೆ. ಹೆದರಿದ್ದೆ, ಆಯಿ. ಆದರೂ ಓದು ಬಿಟ್ಟು ನಿನ್ನ ಬಳಿ ಬರಲಿಲ್ಲ — ಮೊದಲ ಸುಳ್ಳಿಗಿಂತ ಅದು ದೊಡ್ಡ ತಪ್ಪು.

ವರ್ಷ ಮುಗಿಸಿ ಬಂದು ಹೊಸ್ತಿಲಲ್ಲಿ ನಿಂತೆ. ನೀನು ರೊಟ್ಟಿ ತರಲಿಲ್ಲ. ನನ್ನ ಮುಖದ ಮೇಲೆ ಕೈಯಾಡಿಸಿದೆ — ಹಣೆ, ಮೂಗು, ಚಿಕ್ಕವಳಿದ್ದಾಗ ಬಿದ್ದು ಗದ್ದಕ್ಕಾದ ಗಾಯದ ಗುರುತು. ಆಮೇಲೆ ನಿಧಾನವಾಗಿ ಕೈ ಹಿಂದಕ್ಕೆಳೆದುಕೊಂಡು ಕೇಳಿದೆ.

"ನಮ್ಮ ನೀಲಾ ಒಳಗದಾಳ. ನೀವ್ಯಾರ್ರಿ?"

ಈಗ ನನಗೆ ಜಪಾನಿ ಕನಸು ಬೀಳುತ್ತವೆ. ಅವುಗಳಲ್ಲಿ ನೀನೂ ಬರುತ್ತೀ, ಆದರೆ ನಾನು ಆಡುವುದೊಂದೂ ನಿನಗೆ ತಿಳಿಯುವುದಿಲ್ಲ. ಎಚ್ಚರವಾದ ಮೇಲೂ ನಾನು ನಿನಗೆ ಮನೆಗೆ ಬಂದ ಯಾರೋ ಬೀಗರು. ನಾನೇ ನೀಲಾ ಎಂದು ವಾದಿಸುವುದನ್ನು ಬಿಟ್ಟಿದ್ದೇನೆ. ತೊಗರಿ ರಾಶಿಗೆ ಬರುತ್ತೇನೆಂದು ಮಾತು ಕೊಟ್ಟವಳು ನಾನು, ಬಂದವಳು ಅವಳು. ಸಂಜೆ ನಾನೇ ಎರಡು ತಾಟು ಹಾಕಿ, ನೀನು ಹೇಳಿದಂತೆ ಅವಳಿಗೆ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸುತ್ತೇನೆ. ನಿಮ್ಮಿಬ್ಬರ ಊಟವಾದ ಮೇಲೆ ನಾನು ಉಣ್ಣುತ್ತೇನೆ.