ಗೋಪಮ್ಮನ ಬಲಗೈ

ರಾಯಚೂರಿನ ಹತ್ತಿ ಮಿಲ್ಲೊಂದರಲ್ಲಿ, ಅರಳೆ ಒತ್ತುವ ಪ್ರೆಸ್ಸಿನ ಬಳಿ ಗೋಪಮ್ಮನ ಕೆಲಸ. ಒತ್ತುವ ಕಬ್ಬಿಣದ ಹಲಗೆ ಮೇಲೆದ್ದಾಗ, ಅಂಚಿಗೆ ಸಿಕ್ಕಿಕೊಂಡ ಅರಳೆಯನ್ನು ಕೈಯಿಂದ ಒಳಗೆ ತಳ್ಳಬೇಕು. ಹಲಗೆ ಮೆಲ್ಲಗೆ ಇಳಿಯುವುದರಿಂದ ಕೈ ತೆಗೆಯಲು ಪುರಸತ್ತು ಸಿಗುತ್ತಿತ್ತು. ಆ ಅಂದಾಜು ಅವಳ ಮೈಗೆ ಹತ್ತಿಹೋಗಿತ್ತು.

ತಮ್ಮ ವಿನೋದನನ್ನು ಅದೇ ಮಿಲ್ಲಿಗೆ ಫಿಟರ್ ಆಗಿ ಸೇರಿಸಿದವಳೂ ಅವಳೇ. ಅವನು ದೇವದುರ್ಗದಲ್ಲಿ ಐಟಿಐ ಓದುವಾಗ ಬಸ್ಸಿನಲ್ಲಿ ಬುತ್ತಿ ಕಳಿಸಿದಳು, ಆಮೇಲೆ ಮಿಲ್ಲಿನ ಸಾಹುಕಾರನ ಮುಂದೆ ಸೆರಗೊಡ್ಡಿ ನಿಂತಳು. ಇಷ್ಟೆಲ್ಲ ಮಾಡಿ ಏನು ಪಡೆದಳು, ಕೇಳಿ.

ಮಹಾನವಮಿಗೆ ಮಿಲ್ಲಿನ ಯಂತ್ರಗಳಿಗೆಲ್ಲ ಬಣ್ಣ ಬಳಿದು ಪೂಜೆ ಮಾಡುತ್ತಾರೆ. ಹಲಗೆ ಇಳಿಯುವ ವೇಗವನ್ನು ಹಿಡಿದಿಡುವ ವಾಲ್ವನ್ನು ವಿನೋದ ಬಿಚ್ಚಿ, ತೊಳೆದು ಇಟ್ಟಿದ್ದ. ಬಣ್ಣದವರು ಅದಕ್ಕೂ ದಪ್ಪಗೆ ಹಸಿರು ಬಳಿದುಬಿಟ್ಟರು. ಎಣ್ಣೆ ಯಾವ ಕಡೆ ಹರಿಯಬೇಕೆಂದು ತೋರಿಸುವ ಬಾಣದ ಗುರುತು ಮುಚ್ಚಿಹೋಯಿತು. ಕೆರೆದು ನೋಡಬಾರದಿತ್ತೇ ಪುಣ್ಯಾತ್ಮ? ಪೂಜೆಯಾದ ಬಣ್ಣ ಕೆರೆಯಬಾರದೆಂದು ಅಂದಾಜಿನ ಮೇಲೆ ಕೂರಿಸಿದ. ಅದು ತಿರುಗಾಮುರುಗಾ ಕೂತಿತು.

ಹಬ್ಬ ಮುಗಿದು ಮಿಲ್ಲು ಶುರುವಾದಾಗ ಹಲಗೆ ತೆವಳುತ್ತ ಏರಿತು, ದಡ್ ಎಂದು ಬಿತ್ತು.

"ವಿನ್ಯಾ, ಇದ್ಯಾಕೋ ಹಿಂಗ ಬೀಳಾಕತ್ತದ?" ಎಂದಳು ಗೋಪಮ್ಮ.

"ಸಂಜಿಕಿ ನೋಡ್ತೀನಿ ಬೇ. ಈಗ ನಿಲ್ಲಿಸಿದ್ರ ಸಾಹುಕಾರ ಬೈತಾನ."

ಸಂಜೆ ಎಲ್ಲಿ ಬಂತು? ಮಧ್ಯಾಹ್ನವೇ, ಹಳೆಯ ರೂಢಿಯಲ್ಲಿ ಒಳಗೆ ಹೋದ ಬಲಗೈಯ ಬೆರಳುಗಳೆಲ್ಲ ಜಜ್ಜಿಹೋದವು.

ಅವಳು ಆಸ್ಪತ್ರೆಯಲ್ಲಿದ್ದಾಗ ವಿನೋದ ಸದ್ದಿಲ್ಲದೆ ವಾಲ್ವನ್ನು ಸರಿಯಾಗಿ ತಿರುಗಿಸಿಟ್ಟ. ತನಿಖೆಗೆ ಬಂದ ಅಧಿಕಾರಿ ವಿಜಯಶ್ರೀ ನೋಡುವಾಗ ಹಲಗೆ ಸಾಧುವಿನ ಹಾಗೆ ಮೆಲ್ಲಗೆ ಇಳಿಯಿತು. ಬ್ಯಾಂಡೇಜಿನ ಕೈ ಹಿಡಿದು ಗೋಪಮ್ಮ ಅಲ್ಲೇ ನಿಂತಿದ್ದಳು. ತಪ್ಪು ಅಕ್ಕನದಲ್ಲ ಎಂದು ತಮ್ಮ ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಮಷೀನ್ ಸರಿ ಅದ ಮೇಡಂ," ಎಂದ ವಿನೋದ. "ನಮ್ಮಕ್ಕ ನೋಡ್ಲಾರದ ಕೈ ಹಾಕ್ಯಾಳ."

ಗೋಪಮ್ಮ ಬಾಯಿ ಬಿಟ್ಟರೆ ಅವನ ನೌಕರಿ ಹೋಗುತ್ತದೆ. ಹಾಳು ಕರುಳು, ನಾಲಿಗೆಯನ್ನು ಹಿಡಿದುಬಿಟ್ಟಿತು. ತಪ್ಪು ಅವಳದೇ ಎಂದಾಯಿತು, ಕೆಲಸದಿಂದಲೂ ತೆಗೆದರು.

ಮುಂದಿನ ಶ್ರಾವಣಕ್ಕೆ, ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ನಾಗರಪಂಚಮಿ ಬಂತು. ಅಕ್ಕನನ್ನು ತವರೂರು ಮಾನ್ವಿಗೆ ಕರೆದೊಯ್ಯಲು ವಿನೋದ ಹಬ್ಬದ ಉಂಡಿ ಕಟ್ಟಿಸಿಕೊಂಡು ಬಾಗಿಲಿಗೆ ಬಂದ.

"ನಡಿ ಅಕ್ಕಾ, ಅವ್ವ ದಾರಿ ನೋಡಾಕತ್ಯಾಳ."

ಗೋಪಮ್ಮ ಹೊಸ್ತಿಲು ದಾಟಲಿಲ್ಲ.

"ನೌಕರಿ ಉಳಿಸಿಕೊಂಡಿಯಲ್ಲೋ ತಮ್ಮಾ," ಎಂದಳು. "ಅದನ್ನ ಕರಕೊಂಡು ಹೋಗು ಪಂಚಮಿಗಿ."

ಎಡಗೈಯಿಂದ ಬಾಗಿಲು ಹಾಕಿಕೊಂಡಳು.