ಬೆಲೆ ಹೇಳಲು ಬಾರದ ನಂಜಪ್ಪ ಮಾಮ

ತಾವು ಹೇಳಿದ ಬೆಲೆಯನ್ನು ತಾವೇ ಚೌಕಾಸಿ ಮಾಡಿ ಇಳಿಸುವವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ನಮ್ಮ ನಂಜಪ್ಪ ಮಾಮ. ಗಿರಾಕಿ ಇನ್ನೂ ಬಾಯಿ ಬಿಟ್ಟಿರುವುದಿಲ್ಲ, ಮಾಮ ಟೀ ಲೋಟವನ್ನು ಎಡಗಡೆಯಿಂದ ಬಲಗಡೆಗೆ ಸರಿಸಿ, ಗಂಟಲು ಸರಿಮಾಡಿಕೊಂಡು, 'ಹೋಗ್ಲಿ, ಹನ್ನೆರಡು ಸಾವ್ರ ಮಾಡ್ಕೊಳಿ' ಎಂದುಬಿಡುತ್ತಿದ್ದರು. ಒಂದು ನಿಮಿಷದ ಹಿಂದೆ ಹದಿನೈದು ಎಂದವರೂ ಅವರೇ.

ಅವರು ನನಗೆ ಸಂಬಂಧದಲ್ಲಿ ಮಾಮನಲ್ಲ. ನಮ್ಮೂರು ತೊರಪಲ್ಲಿ ಅಗ್ರಹಾರದಲ್ಲಿ ಅವರ ಹೊಲ ನಮ್ಮ ಹೊಲ ಅಕ್ಕಪಕ್ಕ; ಮಾಮ ಎನ್ನಲು ನಮ್ಮ ಕಡೆ ಅಷ್ಟು ಸಾಕು. ಹೊಸೂರಿನ ಒಂದು ಫ್ಯಾಕ್ಟರಿಯ ಪರ್ಚೇಸ್ ವಿಭಾಗದಲ್ಲಿ ಕೂದಲು ನೆರೆಯುವವರೆಗೆ ಕೆಲಸ ಮಾಡಿ ರಿಟೈರಾಗಿದ್ದರು. ಆದರೂ ಹನ್ನೊಂದೂವರೆಗೆ ಊಟ, ಇಸ್ತ್ರಿ ಮಾಡಿದ ತೆಳುನೀಲಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಫ್ಯಾಕ್ಟರಿಯನ್ನು ಬಿಟ್ಟರೂ ಶಿಫ್ಟನ್ನು ಬಿಟ್ಟಿರಲಿಲ್ಲ.

ಹೊಸೂರಿನ ಆಲಸನತ್ತಂನಲ್ಲಿ ಒಂದು ಮಹಡಿ ಕೋಣೆ ಬಾಡಿಗೆಗೆ ಹಿಡಿದು ನಾನೂ ನನ್ನ ಗೆಳತಿ ಸೆಲ್ವಿಯೂ ಒಂದು ಕಂಪನಿ ಶುರು ಮಾಡಿದ್ದೆವು. ಕಂಪನಿ ಎಂದರೆ ನಾವಿಬ್ಬರೇ. ಕ್ರಿಕೆಟ್ ಪಂದ್ಯ ಶುರುವಾಗುವ ಮುಂಚೆ ಗೆಲ್ಲುವವರಾರು, ರನ್ನು ಎಷ್ಟು ಎಂದು ಜನ ಫೋನಿನಲ್ಲಿ ಊಹಿಸುವ ಆಟವೊಂದನ್ನು ಮಾಡಿ ಅಂಗಡಿಗಳಿಗೆ ಮಾರುತ್ತಿದ್ದೆವು. ಬೇಕರಿಯವರು ಕೊಂಡರೆ ಬೇಕರಿಯ ಹೆಸರು, ಜವಳಿಯವರು ಕೊಂಡರೆ ಜವಳಿ ಅಂಗಡಿಯ ಹೆಸರು ಮತ್ತು ಬಣ್ಣ ಅದರ ಮೇಲೆ. ಆಡುವವರು ಬಿಡಿಗಾಸು ಕಟ್ಟಬೇಕಾಗಿಲ್ಲ. ಗೆದ್ದವರಿಗೆ ಅಂಗಡಿಯವರು ಕೇಕೋ ಸೀರೆಯೋ ಬಹುಮಾನ ಕೊಡುತ್ತಾರೆ, ನಮಗೆ ಸೀಸನ್ನಿಗೆ ಇಷ್ಟು ಎಂದು ದುಡ್ಡು ಕೊಡುತ್ತಾರೆ. ಆ 'ಇಷ್ಟು' ಎಷ್ಟು ಎಂಬುದೇ ನಮಗೆ ಬಗೆಹರಿದಿರಲಿಲ್ಲ. ಜೀವಮಾನವೆಲ್ಲ ರೇಟಿನ ಜೊತೆ ಗುದ್ದಾಡಿದ ಮನುಷ್ಯ ಮನೆಯಲ್ಲಿ ಸುಮ್ಮನೆ ಕೂತಿದ್ದಾರಲ್ಲ ಎಂದು ಮಾಮನನ್ನು ಕರೆತಂದೆ. ಬೆಲೆ ಇಳಿಸಲು ಬಲ್ಲವರಿಗೆ ಬೆಲೆ ಹೇಳಲೂ ಬರುತ್ತದೆ ಎಂದುಕೊಂಡದ್ದು ನಮ್ಮ ದಡ್ಡತನ.

ಯೋಚನೆಯಲ್ಲಿ ಅವರು ಗಟ್ಟಿಗರೇ. ಆಡುವ ಒಬ್ಬೊಬ್ಬರಿಗೂ ಇಷ್ಟು ಎಂದು ಅಂಗಡಿಯವರಿಗೆ ಲೆಕ್ಕ ಹಾಕೋಣವೆಂದು ಸೆಲ್ವಿ ಹೇಳಿದಾಗ ಮಾಮ ಒಪ್ಪಲಿಲ್ಲ. ಫ್ಯಾಕ್ಟರಿಯ ಒಂದು ಶಿಫ್ಟಿನವರೆಲ್ಲ ಬಸ್ಸಿನಲ್ಲಿ ಕೂತು ಆಡಿಬಿಟ್ಟರೆ ಬೇಕರಿಯವನ ಗತಿಯೇನು ಎಂದು ಕೇಳಿದರು. 'ಜನ ಜಾಸ್ತಿ ಬಂದ್ರೆ ಅಂಗ್ಡಿಯೋನು ಖುಷಿ ಪಡ್ಬೇಕು ಕಣಮ್ಮ, ಎದ್ರುಕೋಬಾರ್ದು' ಎಂದರು. ಹಾಗಾಗಿ ಒಂದು ಅಂಗಡಿಗೆ ಒಂದೇ ರೇಟು ಎಂದಾಯಿತು. ಇವತ್ತಿಗೂ ನಮ್ಮಲ್ಲಿ ನಡೆಯುತ್ತಿರುವುದು ಅದೇ.

ಕಷ್ಟವಿದ್ದದ್ದು ಅದನ್ನು ಬಾಯಿ ಬಿಟ್ಟು ಹೇಳುವುದರಲ್ಲಿ. ಮಾಮ ಬೆಲೆ ಹೇಳುತ್ತಿದ್ದದ್ದು ತಮಿಳಿನಲ್ಲಿ, ಇಳಿಸುತ್ತಿದ್ದದ್ದು ತೆಲುಗಿನಲ್ಲಿ, ಗಿರಾಕಿ ಹೋದ ಮೇಲೆ ನಮಗೆ ಸಮಾಧಾನ ಹೇಳುತ್ತಿದ್ದದ್ದು ಕನ್ನಡದಲ್ಲಿ. ಎದುರಿನವರು ಸುಮ್ಮನೆ ಕೂತರಂತೂ ಮುಗಿದೇಹೋಯಿತು. ಯಾಕೆ ಹೀಗೆ ಎಂದು ಒಮ್ಮೆ ರೇಗಿಯೇ ಕೇಳಿದೆ. ಫ್ಯಾಕ್ಟರಿಯಲ್ಲಿ ಸಣ್ಣ ವರ್ಕ್‌ಶಾಪಿನವರು ಬಂದು ರೇಟು ಹೇಳಿದರೆ ಇವರು ಏನೂ ಮಾತಾಡದೆ ಟೀ ಲೋಟ ನೋಡುತ್ತ ಕೂರುತ್ತಿದ್ದರಂತೆ. ಅವರೇ ಹೆದರಿ ಇಳಿಸುತ್ತಿದ್ದರಂತೆ. ಈಗ ಮೇಜಿನ ಆಚೆ ಯಾರು ಸುಮ್ಮನೆ ಕೂತರೂ ಹೆದರಿ ಇಳಿಸುವ ಸರದಿ ಇವರದು. ನನಗೆ ನಗುವೂ ಬಂತು, ಪಾಪ ಎಂದೂ ಅನ್ನಿಸಿತು.

ಆದರೆ ನಗುವ ಸ್ಥಿತಿಯಲ್ಲಿ ನಾವಿರಲಿಲ್ಲ. ಈ ಸೀಸನ್ನೂ ಹೀಗೇ ಆದರೆ ಮುಚ್ಚೋಣ, ನಾನು ಬೇರೆ ಕೆಲಸ ನೋಡಿಕೊಳ್ಳುತ್ತೇನೆ ಎಂದು ಸೆಲ್ವಿ ಸ್ಪಷ್ಟವಾಗಿ ಹೇಳಿದ್ದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಷ್ಟರಲ್ಲಿ ಮೂರು ಬೇಕರಿಗಳಿರುವ ಒಬ್ಬರು ಮೂರಕ್ಕೂ ಆಟ ಬೇಕೆಂದು ಫೋನ್ ಮಾಡಿದರು. ನಮಗೆ ಬಂದ ಅತಿ ದೊಡ್ಡ ಕೆಲಸ ಅದು. ಅರವತ್ತು ಸಾವಿರಕ್ಕೆ ಕಡಿಮೆ ಹೇಳಬಾರದೆಂದು ಬೆಳಿಗ್ಗೆಯೇ ಮಾಮನಿಂದ ಮಾತು ತೆಗೆದುಕೊಂಡೆವು.

ಮಧ್ಯಾಹ್ನ ಆ ಮನುಷ್ಯ ಮೆಟ್ಟಿಲು ಹತ್ತಿ ಬಂದಾಗ ಮಾಮ ಎದ್ದು ನಿಂತರು. ಯಾರು ಬಂದರೂ ಏಳದವರು ಅವರು. 'ಆನಂದಪ್ಪ' ಎಂದರು, ಅಷ್ಟೇ. ಆನಂದಪ್ಪನವರೇ ನಗುತ್ತ ನಮಗೆ ಪರಿಚಯ ಹೇಳಿಕೊಂಡರು. ಹಿಂದೆ ಅವರದು ಲೋಹ ಕಡೆಯುವ ಲೇತ್ ವರ್ಕ್‌ಶಾಪು, ಮಾಮನ ಫ್ಯಾಕ್ಟರಿಗೆ ಬುಷ್ ಎಂಬ ಸಣ್ಣ ಬಿಡಿಭಾಗ ಮಾಡಿಕೊಡುತ್ತಿದ್ದರು. ವರ್ಷ ವರ್ಷ ರೇಟು ಇಳಿಯುತ್ತ ಬಂದು ಕಡೆಗೆ ಲೇತ್ ಮಾರಿ, ಭಾವಮೈದುನನ ಜೊತೆ ಸೇರಿ ಬೇಕರಿ ಹಾಕಿದರಂತೆ. ಯಾರ ಮೇಲೂ ದೂರಿಲ್ಲದ ದನಿಯಲ್ಲಿ ಇದನ್ನೆಲ್ಲ ಹೇಳಿದರು. ಮಾಮ ತಲೆ ತಗ್ಗಿಸಿ ಕೇಳಿಸಿಕೊಂಡರು.

ಬೆಲೆಯ ಮಾತು ಬಂದಾಗ ಮಾಮ ನೇರ ಕನ್ನಡದಲ್ಲೇ ಹೇಳಿದರು: ಮೂರಕ್ಕೂ ಸೇರಿ ನಲವತ್ತು ಸಾವಿರ. ಸೆಲ್ವಿ ನನ್ನ ಕಡೆ ನೋಡಿದ ನೋಟಕ್ಕೆ ನಾನು ಕೋಣೆ ಬಿಟ್ಟು ಓಡಬೇಕಿತ್ತು. ಆನಂದಪ್ಪ ಏನೂ ಹೇಳದೆ ಕಿಟಕಿಯ ಕಡೆ ನೋಡುತ್ತ ಕೂತರು. ಮಾಮನ ಕೈ ಲೋಟದ ಮೇಲೆ ಹೋಯಿತು. ಇನ್ನೇನು ಬಾಯಿ ತೆರೆಯಬೇಕು, ಆನಂದಪ್ಪ ತಡೆದರು.

'ಇಳಿಸ್ಬೇಡಿ ಸಾರ್. ಇಳಿಸ್ಲಿ ಅಂತ ನಾನು ಸುಮ್ಕೆ ಕೂತಿಲ್ಲ. ಈ ರೇಟಲ್ಲಿ ಈ ಇಬ್ರು ಬದುಕ್ತಾರಾ ಅಂತ ಯೋಚ್ನೆ ಮಾಡ್ತಿದ್ದೆ.'

ಮಾಮ ಲೋಟದ ಮೇಲಿನ ಕೈ ತೆಗೆದರು. ಮೆಲ್ಲಗೆ, 'ಬದುಕಕ್ಕಾಗಲ್ಲ, ಆನಂದಪ್ಪ' ಎಂದರು.

'ಅಂಗಾದ್ರೆ ಬದುಕೋ ರೇಟು ಹೇಳಿ.'

ಮಾಮ ಅರವತ್ತು ಎಂದರು. ಅವರು ಬೆಲೆ ಏರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆನಂದಪ್ಪ ಸಂಪ್ರದಾಯಕ್ಕೆಂಬಂತೆ ಎರಡು ಸಾವಿರ ಕಡಿಮೆ ಮಾಡಿಸಿಕೊಂಡು, ಟೀ ಕುಡಿದು ಹೋದರು. ಸೆಲ್ವಿ ಕಂಪನಿ ಮುಚ್ಚುವ ಮಾತನ್ನು ಮತ್ತೆ ಎತ್ತಲಿಲ್ಲ.

ಆಮೇಲೆ ಮಾಮ ಆಫೀಸಿಗೆ ಬರುವುದು ಕಡಿಮೆಯಾಯಿತು. ಮಂಡಿನೋವು, ಮೆಟ್ಟಿಲು ಹತ್ತಲಾಗದು ಎಂದರು. ಕೊನೆಯ ಸಲ ನಾನು ಅವರ ಮನೆಗೆ ಹೋದಾಗ ಜಗಲಿಯಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದರು. ಆನಂದಪ್ಪ ಈ ವರ್ಷವೂ ಆಟ ತೆಗೆದುಕೊಂಡರು ಎಂದೆ. ಎಷ್ಟಕ್ಕೆ ಎಂದು ಅವರು ಕೇಳಲಿಲ್ಲ.

'ನಾವು ಬುಷ್‌ಗೆ ಅವ್ನಿಗೆ ಕೊಡ್ತಿದ್ದ ರೇಟಲ್ಲಿ ಯಾವನೂ ಬದುಕಕ್ಕಾಗಲ್ಲ ಅಂತ ನಂಗೆ ಫ್ಯಾಕ್ಟ್ರೀಲಿದ್ದಾಗ್ಲೇ ಗೊತ್ತಿತ್ತು ಕಣ್ಲಾ. ಬದುಕ್ತೀಯಾ ಅಂತ ಕೇಳಿದ್ರೆ ಜಾಸ್ತಿ ಕೊಡ್ಬೇಕಾಯ್ತದೆ ಅಂತ ಕೇಳ್ಲಿಲ್ಲ' ಎಂದರು. ಇದನ್ನು ಅವನ ಮುಂದೆ ಹೇಳಬೇಕು, ಬರುವ ಭಾನುವಾರ ಬೇಕರಿಗೆ ಕರೆದುಕೊಂಡು ಹೋಗು ಎಂದರು. ಗಾಡಿ ತರುತ್ತೇನೆ ಎಂದು ಒಪ್ಪಿಕೊಂಡೆ.

ಆ ಭಾನುವಾರದ ತನಕ ಮಾಮ ಉಳಿಯಲಿಲ್ಲ. ಮಣ್ಣು ಮಾಡುವ ದಿನ ಫ್ಯಾಕ್ಟರಿಯ ಹಳಬರು ಬಂದು ಹಾರ ಹಾಕಿ ಹೋದರು. ಆನಂದಪ್ಪನವರೂ ಬಂದಿದ್ದರು. ಎಲ್ಲ ಮುಗಿದ ಮೇಲೆ ನಾನು ಅವರನ್ನು ಪಕ್ಕಕ್ಕೆ ಕರೆದು, ಮಾಮ ಹೇಳಬೇಕೆಂದಿದ್ದ ಮಾತನ್ನು ಅವರು ಹೇಳಿದ ಹಾಗೇ ಹೇಳಿದೆ. ಆನಂದಪ್ಪ ಪೂರ್ತಿ ಕೇಳಿಸಿಕೊಂಡರು. ಚಪ್ಪಲಿ ಬಿಟ್ಟು ವಾಪಸು ಗುಂಡಿಯ ಹತ್ತಿರ ಹೋಗಿ, ಇನ್ನೊಂದು ಹಿಡಿ ಮಣ್ಣು ಹಾಕಿ ಬಂದರು.